ಸೊನ್ನೆ ಬಂದ ಅಧ್ಯಾಯಕ್ಕಿಂತ ನಕ್ಷತ್ರ ತುಂಬಿದ ಅಧ್ಯಾಯದ್ದೇ ನನಗೆ ಚಿಂತೆ

ಪ್ರಶ್ನೆ: ನನಗೆ 43 ವರ್ಷ. ಒಂದು ಲಿಸ್ಟೆಡ್ ಕಂಪನಿಯ ಕಾರ್ಯದರ್ಶಿ ವಿಭಾಗದಲ್ಲಿ ಕೆಲಸ. ಐದು ವರ್ಷದಿಂದ ಕೆಲಸದ ಜೊತೆಗೇ ಪಿಎಚ್‌.ಡಿ. ಮಾಡುತ್ತಿದ್ದೇನೆ. ಮೊದಲ ಭಾಗದಲ್ಲಿ, ನಿರ್ದೇಶಕ ಮಂಡಳಿಯಲ್ಲಿ ಸ್ವತಂತ್ರ ನಿರ್ದೇಶಕರು (ಕಂಪನಿಯ ಆಡಳಿತದೊಂದಿಗೂ ಪ್ರವರ್ತಕರೊಂದಿಗೂ ನಂಟಿಲ್ಲದ ಹೊರಗಿನವರು) ಹೆಚ್ಚಿದ್ದರೆ ಕಂಪನಿಯ ಲಾಭ ಹೆಚ್ಚುತ್ತದೆಯೇ ಎಂದು ನೋಡಿದೆ. 186 ಕಂಪನಿಗಳ ಹತ್ತು ವರ್ಷದ ವಾರ್ಷಿಕ ವರದಿಗಳನ್ನು ಕೂಡಿಸಿ ರಿಗ್ರೆಷನ್ (ಒಂದು ಅಂಕಿ ಏರಿದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂಬ ಲೆಕ್ಕ) ಮಾಡಿದರೆ ಏನೂ ಬರಲಿಲ್ಲ. ಗುಣಾಂಕ ಸೊನ್ನೆಯ ಹತ್ತಿರ, ಅದೂ ಮೈನಸ್, ಪಿ-ಮೌಲ್ಯ (ಸಂಬಂಧವೇ ಇಲ್ಲದಿದ್ದರೂ ಇಂಥ ಅಂಕಿ ಆಕಸ್ಮಿಕವಾಗಿ ಬರುವ ಸಂಭವ) 0.41. ಅದು 0.05ಕ್ಕಿಂತ ಕಡಿಮೆ ಇದ್ದರೆ ಮಾತ್ರ ಫಲಿತಾಂಶ ಬಂತು ಎನ್ನುವುದು ರೂಢಿ. ಎರಡನೇ ಭಾಗದಲ್ಲಿ ಮೇಲಧಿಕಾರಿಯ ನಾಯಕತ್ವ ಶೈಲಿ ಮತ್ತು ತಂಡದ ಸಾಧನೆ ಕುರಿತು 412 ನೌಕರರಿಂದ ಪ್ರಶ್ನಾವಳಿ ತುಂಬಿಸಿದೆ. ಅದು ಚೆನ್ನಾಗಿ ಬಂದಿದೆ, ಎಲ್ಲ ಹೈಪಾಥಿಸಿಸ್‌ಗಳೂ ಮೂರು ನಕ್ಷತ್ರ (ಪಿ-ಮೌಲ್ಯ ತೀರ ಕಡಿಮೆ ಎಂಬ ಗುರುತು) ಪಡೆದಿವೆ. ಮೊದಲ ಭಾಗಕ್ಕೆ ಗೈಡ್ ಒಂದು ದಾರಿ ಹೇಳಿದ್ದಾರೆ: ನಷ್ಟದಲ್ಲಿರುವ 22 ಕಂಪನಿಗಳನ್ನು ತೆಗೆದುಹಾಕಿ, ಆಸ್ತಿಯ ಮೇಲಿನ ಗಳಿಕೆಯ ಬದಲು ಟೋಬಿನ್ಸ್ ಕ್ಯೂ (ಆಸ್ತಿಯ ಬೆಲೆಗೆ ಹೋಲಿಸಿದ ಕಂಪನಿಯ ಮಾರುಕಟ್ಟೆ ಮೌಲ್ಯ) ಹಾಕಿ ನೋಡು ಎಂದು. ಹೀಗೆ 11 ಬಗೆಯಲ್ಲಿ ಮಾಡಿದ ಮೇಲೆ ಒಂದರಲ್ಲಿ 0.04 ಬಂತು. ಅದನ್ನು ಬರೆಯಲು ಮನಸ್ಸು ಒಪ್ಪುತ್ತಿಲ್ಲ. ಬರೆಯದಿದ್ದರೆ ಐದು ವರ್ಷ ವ್ಯರ್ಥವೇ? ಅದಕ್ಕಿಂತ ಹೆಚ್ಚಾಗಿ, ಕಂಪನಿಗೆ ಸ್ವತಂತ್ರ ನಿರ್ದೇಶಕರು ಬೇಕೇ ಬೇಕು ಎಂದು ನಂಬಿದವಳು ನಾನು. ಅವರಿಂದ ಉಪಯೋಗವಿಲ್ಲ ಎಂದು ನನ್ನದೇ ಸಂಶೋಧನೆ ಹೇಳುತ್ತಿದೆಯೇ?

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೂರು ಚಿಂತೆಗಳು ಅದರಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. ಲೆಕ್ಕದಲ್ಲಿ ಎಲ್ಲೋ ಎಡವಿದೆನೇ ಎನ್ನುವುದು ಒಂದು. ಗೈಡ್ ಹೇಳಿದಂತೆ ಮಾಡುವುದು ಸರಿಯೇ ಎನ್ನುವುದು ಇನ್ನೊಂದು. ಮೂರನೆಯದು ಹೆಚ್ಚು ಆಳದ್ದು: ಇಷ್ಟು ವರ್ಷ ನಂಬಿಕೊಂಡು ಬಂದದ್ದೇ ಸುಳ್ಳಾಯಿತೇ? ಮೂರಕ್ಕೂ ಉತ್ತರ ಕೊಡುತ್ತೇನೆ. ಆದರೆ ನೀವು ಕೇಳದೆ ಬಿಟ್ಟ ನಾಲ್ಕನೆಯದೊಂದಿದೆ. ಎರಡನೇ ಭಾಗ ಚೆನ್ನಾಗಿ ಬಂದಿದೆ ಎಂದು ಒಂದೇ ಮಾತಿನಲ್ಲಿ ದಾಟಿಬಿಟ್ಟಿದ್ದೀರಿ. ನಾನು ನಿಮ್ಮ ಪರೀಕ್ಷಕನಾಗಿ ಬಂದರೆ ವೈವಾದಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಅಲ್ಲಿಯೇ.

ಮೊದಲು ಸೊನ್ನೆಯ ಮಾತು. ಅದು ನಿಮ್ಮೊಬ್ಬರಿಗೆ ಬಂದದ್ದಲ್ಲ. 1998ರಲ್ಲಿ ಡಾಲ್ಟನ್ ಮತ್ತು ಸಂಗಡಿಗರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಮಂಡಳಿಯಲ್ಲಿ ಹೊರಗಿನವರ ಪಾಲು ಎಷ್ಟು ಎನ್ನುವುದಕ್ಕಾಗಲಿ, ಅಧ್ಯಕ್ಷ ಮತ್ತು ಸಿಇಒ ಒಬ್ಬರೇ ಇರುವುದಕ್ಕಾಗಲಿ, ಕಂಪನಿಯ ಹಣಕಾಸಿನ ಸಾಧನೆಯ ಜೊತೆ ಹೇಳಿಕೊಳ್ಳುವಂಥ ಸಂಬಂಧ ಅವರಿಗೆ ಸಿಗಲಿಲ್ಲ. 2002ರಲ್ಲಿ ಸಂಜಯ್ ಭಗತ್ ಮತ್ತು ಬರ್ನಾರ್ಡ್ ಬ್ಲಾಕ್ ಅಮೆರಿಕದ ದೊಡ್ಡ ಕಂಪನಿಗಳನ್ನು ದೀರ್ಘಾವಧಿಯ ಕಣ್ಣಿನಿಂದ ನೋಡಿದರು. ಸಂಬಂಧವಿಲ್ಲ ಎನ್ನುವುದನ್ನೇ ಲೇಖನದ ಶೀರ್ಷಿಕೆಯಲ್ಲಿ ಇಟ್ಟರು. ನಿಮ್ಮ 186 ಕಂಪನಿಗಳಲ್ಲಿ ಗಟ್ಟಿಯಾದ ಪ್ಲಸ್ ಸಂಬಂಧ ಬಂದಿದ್ದರೆ ನಾನು ಡೇಟಾ ಫೈಲ್ ಕೇಳಿ ಪಡೆದು ಪರಿಶೀಲಿಸುತ್ತಿದ್ದೆ.

ಹಾಗಾದರೆ ಸ್ವತಂತ್ರ ನಿರ್ದೇಶಕರು ಹೆಚ್ಚಾದಂತೆ ಲಾಭ ಹೆಚ್ಚಬೇಕು ಎಂಬ ನಿರೀಕ್ಷೆ ಎಲ್ಲಿಂದ ಬಂತು? ದೊಡ್ಡ ಕಂಪನಿಗಳಲ್ಲಿ ಒಡೆತನ ಒಬ್ಬರದು, ಹಿಡಿತ ಇನ್ನೊಬ್ಬರದು ಎಂದು ಬರ್ಲಿ ಮತ್ತು ಮೀನ್ಸ್ 1932ರಲ್ಲೇ ತೋರಿಸಿದ್ದರು. ಪರರ ದುಡ್ಡು ನಡೆಸುವವನು ತನ್ನ ದುಡ್ಡಿನಷ್ಟು ಜತನದಿಂದ ನಡೆಸುವುದಿಲ್ಲ, ಆ ಅಂತರಕ್ಕೆ ಒಂದು ಬೆಲೆ ಇದೆ ಎಂದು 1976ರಲ್ಲಿ ಜೆನ್ಸನ್ ಮತ್ತು ಮೆಕ್ಲಿಂಗ್ ಅದಕ್ಕೊಂದು ಸಿದ್ಧಾಂತದ ರೂಪ ಕೊಟ್ಟರು. ಕಾವಲಿಗೆ ಯಾರಾದರೂ ಬೇಕು ಎನ್ನುವುದು ಅಲ್ಲಿಂದ ಸಹಜವಾಗಿ ಬಂತು. ಕಂಪನಿ ಆಡಳಿತ ಹೇಗಿರಬೇಕೆಂಬ ಬ್ರಿಟನ್ನಿನ 1992ರ ಕ್ಯಾಡ್‌ಬರಿ ವರದಿ, ಲೆಕ್ಕಪತ್ರದ ವಂಚನೆಯಲ್ಲಿ ಎನ್ರಾನ್ ಎಂಬ ಇಂಧನ ಕಂಪನಿ ಕುಸಿದ ಮೇಲೆ ಅಮೆರಿಕದಲ್ಲಿ 2002ರಲ್ಲಿ ಬಂದ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆ, ಎಲ್ಲವೂ ಇದೇ ಜಾಡಿನಲ್ಲಿ ನಡೆದವು. ಇಷ್ಟರವರೆಗೆ ಯಾವ ತಕರಾರೂ ಇಲ್ಲ. ಕಾವಲು ಬೇಕು ಎನ್ನುವ ಮಾತು, ಕಾವಲುಗಾರರು ಹೆಚ್ಚಿದಷ್ಟೂ ಫಸಲು ಹೆಚ್ಚುತ್ತದೆ ಎನ್ನುವ ಮಾತಾಗಿ ಯಾವಾಗಲೋ ತಿರುಗಿಕೊಂಡಿತು. ಪಠ್ಯಪುಸ್ತಕಗಳು ಅದನ್ನೇ ಬರೆದವು, ಥೀಸಿಸ್‌ಗಳು ಅದನ್ನೇ ಮೊದಲ ಹೈಪಾಥಿಸಿಸ್ ಮಾಡಿಕೊಂಡವು. ಮೂಲ ಸಿದ್ಧಾಂತ ಅಷ್ಟು ದೂರ ಹೋಗಿರಲಿಲ್ಲ.

ಈಗ ನಿಮ್ಮ ಮೈನಸ್ ಗುರುತಿಗೆ ಬರೋಣ, ಏಕೆಂದರೆ ಅದರೊಳಗೆ ತುಂಬ ಕತೆಯಿದೆ. ಮಳೆಗಾಲದಲ್ಲಿ ರಸ್ತೆಯಲ್ಲಿ ನಿಂತು ಎಣಿಸಿದರೆ ಕೊಡೆ ಹಿಡಿದವರ ಕಾಲೇ ಹೆಚ್ಚು ಒದ್ದೆಯಾಗಿ ಕಾಣುತ್ತದೆ. ಕೊಡೆಯಿಂದ ಒದ್ದೆಯಾದರು ಎಂದು ಯಾರೂ ಹೇಳುವುದಿಲ್ಲ. ಮಳೆ ಜೋರಿದ್ದ ಕಡೆಯಿಂದ ಬಂದವರು ಕೊಡೆ ಬಿಚ್ಚಿದ್ದಾರೆ, ಅಷ್ಟೆ. ನಿರ್ದೇಶಕ ಮಂಡಳಿಯೂ ಹಾಗೆಯೇ. ಅದು ಚೀಟಿ ಎತ್ತಿ ಹಂಚಿದ್ದಲ್ಲ, ಪರಿಸ್ಥಿತಿ ನೋಡಿ ಆರಿಸಿಕೊಂಡದ್ದು. ಲಾಭ ಕುಸಿದ ಕಂಪನಿಗಳೇ ಮುಂದಿನ ವರ್ಷಗಳಲ್ಲಿ ಸ್ವತಂತ್ರ ನಿರ್ದೇಶಕರ ಪಾಲು ಹೆಚ್ಚಿಸಿಕೊಳ್ಳುತ್ತವೆ ಎಂಬುದು ಭಗತ್ ಮತ್ತು ಬ್ಲಾಕ್ ಕಂಡುಕೊಂಡ ಮುಖ್ಯ ಸಂಗತಿ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಒಳ್ಳೆಯ ಫಲಿತಾಂಶ ತಂದ ಸಿಇಒಗೆ ಚೌಕಾಸಿಯ ಶಕ್ತಿ ಬರುತ್ತದೆ. ತನಗೆ ಅನುಕೂಲವಾದವರು ಮಂಡಳಿಯಲ್ಲಿ ಇರುವಂತೆ ಅವನು ನೋಡಿಕೊಳ್ಳುತ್ತಾನೆ ಎಂದು ಹರ್ಮಲಿನ್ ಮತ್ತು ವೈಸ್‌ಬಾಕ್ 1998ರಲ್ಲಿ ವಾದಿಸಿದರು. ಎರಡನ್ನೂ ಸೇರಿಸಿ ನೋಡಿ. ಕೆಟ್ಟ ಕಂಪನಿಯಲ್ಲಿ ಸ್ವತಂತ್ರರು ಹೆಚ್ಚು, ಒಳ್ಳೆಯ ಕಂಪನಿಯಲ್ಲಿ ಕಡಿಮೆ. ನಿರ್ದೇಶಕರು ನಿಜಕ್ಕೂ ಉಪಕಾರ ಮಾಡುತ್ತಿದ್ದರೂ ಸಾದಾ ರಿಗ್ರೆಷನ್ನಿನಲ್ಲಿ ಆ ಉಪಕಾರ ಇದರಡಿ ಮುಚ್ಚಿಹೋಗುತ್ತದೆ.

ಎರಡನೇ ಕಾರಣ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನೀವು ಅಳೆದದ್ದು ಕಾಗದದ ಮೇಲಿನ ಸ್ವಾತಂತ್ರ್ಯವನ್ನು. ವಾರ್ಷಿಕ ವರದಿಯಲ್ಲಿ ಸ್ವತಂತ್ರ ಎಂದು ಬರೆದಿದ್ದರೆ 1, ಇಲ್ಲದಿದ್ದರೆ 0. ಸಭೆಯ ಕಾಗದಪತ್ರ ಅವರ ಕೈಗೆ ಒಂದು ವಾರ ಮೊದಲು ಹೋಯಿತೇ, ಹಿಂದಿನ ರಾತ್ರಿ ಹೋಯಿತೇ? ಆಂತರಿಕ ಲೆಕ್ಕಪರಿಶೋಧಕರ ಜೊತೆ ಅಧಿಕಾರಿಗಳಿಲ್ಲದೆ ಮಾತಾಡಲು ಅವಕಾಶ ಸಿಕ್ಕಿತೇ? ಒಪ್ಪದಿದ್ದಾಗ ಬಾಯಿ ಬಿಟ್ಟರೇ, ಬಿಟ್ಟದ್ದು ನಡಾವಳಿಯಲ್ಲಿ ದಾಖಲಾಯಿತೇ? ಇದ್ಯಾವುದೂ ನಿಮ್ಮ ಕೋಷ್ಟಕದಲ್ಲಿ ಇಲ್ಲ. 2001ರ ಡಿಸೆಂಬರಿನಲ್ಲಿ ದಿವಾಳಿಯಾದ ಎನ್ರಾನ್‌ನಲ್ಲಿ ಹೊರಗಿನ ನಿರ್ದೇಶಕರೇ ಬಹುಮತದಲ್ಲಿದ್ದರು. ಅದರ ಲೆಕ್ಕಪರಿಶೋಧನಾ ಸಮಿತಿಯ ಅಧ್ಯಕ್ಷರು ಸ್ಟ್ಯಾನ್‌ಫರ್ಡ್ ಬಿಸಿನೆಸ್ ಶಾಲೆಯ ಮಾಜಿ ಡೀನ್, ಲೆಕ್ಕಶಾಸ್ತ್ರದ ಪ್ರಾಧ್ಯಾಪಕರು. ನಿಮ್ಮ ಕೋಷ್ಟಕದಲ್ಲಿ ಆ ಮಂಡಳಿಗೆ ಒಳ್ಳೆಯ ಅಂಕವೇ ಬೀಳುತ್ತಿತ್ತು.

ಮೂರನೆಯದು ಮಾಹಿತಿ. ಹೊರಗಿನವನಿಗೆ ವ್ಯವಹಾರ ಅರ್ಥವಾಗದಿದ್ದರೆ ಅವನು ಕಾಯುವುದು ಏನನ್ನು? 2002ರ ಕಾಯ್ದೆ ಮತ್ತು ಷೇರುಪೇಟೆಯ ಹೊಸ ನಿಯಮಗಳಿಂದಾಗಿ ಹೊರಗಿನ ನಿರ್ದೇಶಕರನ್ನು ಸೇರಿಸಿಕೊಳ್ಳಲೇಬೇಕಾದ ಕಂಪನಿಗಳನ್ನು ಡ್ಯೂಚಿನ್, ಮಟ್ಸುಸಾಕಾ ಮತ್ತು ಓಜ್ಬಾಸ್ ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದರು. ಕಂಪನಿಯ ಬಗ್ಗೆ ಹೊರಗಿನವರು ಸುಲಭವಾಗಿ ತಿಳಿದುಕೊಳ್ಳಬಹುದಾದ ಕಡೆ ಸಾಧನೆ ಮೇಲೇರಿತು. ತಿಳಿದುಕೊಳ್ಳುವುದು ಕಷ್ಟವಿದ್ದ ಕಡೆ ಕೆಳಗಿಳಿಯಿತು. ಎರಡನ್ನೂ ಒಂದೇ ರಾಶಿಯಲ್ಲಿ ಹಾಕಿ ಸರಾಸರಿ ತೆಗೆದರೆ ಬರುವುದು ಸೊನ್ನೆಯ ಆಸುಪಾಸಿನ ಅಂಕಿ. ನಿಮ್ಮ ಸೊನ್ನೆಯೊಳಗೂ ಇಂಥ ಎರಡು ಗುಂಪು ಅಡಗಿರಬಹುದು. ಇದೇ ದಿಕ್ಕಿನಲ್ಲಿ ಆ್ಯಡಮ್ಸ್ ಮತ್ತು ಫೆರೇರಾ 2007ರಲ್ಲಿ ಇನ್ನೊಂದು ಮಾತು ಹೇಳಿದ್ದರು. ಮಂಡಳಿ ತೀರ ಬಿಗಿಯಾದರೆ ಸಿಇಒ ಮಾಹಿತಿ ಹಂಚಿಕೊಳ್ಳಲು ಹಿಂಜರಿಯುತ್ತಾನೆ, ಆಗ ಕಾವಲೂ ಸೊರಗುತ್ತದೆ, ಸಲಹೆಯೂ ಸೊರಗುತ್ತದೆ.

ಇನ್ನು ನಿಮ್ಮ ಮನಸ್ಸಿನ ಮೂರನೇ ಪ್ರಶ್ನೆ. ಸ್ವತಂತ್ರ ನಿರ್ದೇಶಕರಿಂದ ಉಪಯೋಗವಿಲ್ಲ ಎಂದು ನಿಮ್ಮ ಅಂಕಿ ಹೇಳುತ್ತಿಲ್ಲ. ಅವರು ಮಾಡಲು ಬಂದ ಕೆಲಸವನ್ನು ಬಿಟ್ಟು ಬೇರೊಂದನ್ನು ನೀವು ಅಳೆದಿದ್ದೀರಿ. ವರ್ಷಕ್ಕೆ ಕೆಲವೇ ಸಲ ಸೇರುವವರು ಆಸ್ತಿಯ ಮೇಲಿನ ಗಳಿಕೆಯನ್ನು ಎತ್ತಿ ನಿಲ್ಲಿಸಬೇಕು ಎಂದು ಕೇಳುವುದೇ ಅತಿಯಾಯಿತು. ಅವರ ಕೆಲಸ ಹೆಚ್ಚಾಗಿ ತಡೆಯುವುದು, ಕೇಳುವುದು, ಹೊತ್ತು ಬಂದಾಗ ಬದಲಿಸುವುದು. ಆ ಕೆಲಸಗಳಲ್ಲಿ ಹುಡುಕಿದವರಿಗೆ ಪುರಾವೆ ಸಿಕ್ಕಿದೆ. ಹೊರಗಿನವರ ಕೈ ಮೇಲಿರುವ ಮಂಡಳಿಗಳಲ್ಲಿ ಸಾಧನೆ ಕೆಟ್ಟಾಗ ಸಿಇಒ ಹುದ್ದೆ ಕಳೆದುಕೊಳ್ಳುವ ಸಂಭವ ಹೆಚ್ಚು ಎಂದು ವೈಸ್‌ಬಾಕ್ 1988ರಲ್ಲಿ ತೋರಿಸಿದರು. ಮಾರ್ಕ್ ಬೀಸ್ಲಿ 1996ರಲ್ಲಿ ಲೆಕ್ಕಪತ್ರದ ವಂಚನೆ ನಡೆದ 75 ಕಂಪನಿಗಳನ್ನು ವಂಚನೆ ನಡೆಯದ 75 ಕಂಪನಿಗಳ ಜೊತೆ ಜೋಡಿ ಮಾಡಿ ನೋಡಿದರು. ವಂಚನೆ ಇಲ್ಲದ ಕಡೆ ಹೊರಗಿನ ನಿರ್ದೇಶಕರ ಪಾಲು ಎದ್ದು ಕಾಣುವಷ್ಟು ಹೆಚ್ಚಿತ್ತು. ನ್ಗುಯೆನ್ ಮತ್ತು ನೀಲ್ಸನ್ 2010ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ತುಂಬ ಹಿಡಿಸಿದ್ದು. ಸ್ವತಂತ್ರ ನಿರ್ದೇಶಕರು ಹಠಾತ್ತಾಗಿ ತೀರಿಕೊಂಡಾಗ ಷೇರಿನ ಬೆಲೆ ಏನಾಗುತ್ತದೆ ಎಂದು ಅವರು ನೋಡಿದರು. ಹಠಾತ್ ಸಾವನ್ನು ಯಾವ ಕಂಪನಿಯೂ ಆರಿಸಿಕೊಳ್ಳುವುದಿಲ್ಲ, ಹಾಗಾಗಿ ಕೊಡೆ-ಮಳೆಯ ಗೋಜಲು ಅಲ್ಲಿ ಇಲ್ಲ. ಬೆಲೆ ಸರಾಸರಿ 0.85 ಶೇಕಡಾ ಇಳಿದಿತ್ತು. ನಿಮ್ಮ ನಂಬಿಕೆಗೆ ಆಧಾರವಿದೆ. ನೀವು ಹುಡುಕಿದ ಜಾಗದಲ್ಲಿ ಅದು ಇರಲಿಲ್ಲ.

ಗೈಡ್ ಸಲಹೆಯ ಬಗ್ಗೆ ನೇರವಾಗಿ ಹೇಳುತ್ತೇನೆ. ಅವರನ್ನು ದೂಷಿಸಲು ನನಗೆ ಮನಸ್ಸಿಲ್ಲ. ಫಲಿತಾಂಶ ಬಂದರೆ ಮಾತ್ರ ಥೀಸಿಸ್ ಎಂಬ ಕಾಲದಲ್ಲಿ ಕಲಿತವರು ಅವರು, ನಾನೂ ಅಲ್ಲಿಯೇ ಕಲಿತವನು. ಸಾಧನೆಯನ್ನು ಎರಡು ಬಗೆಯಲ್ಲಿ ಅಳೆಯುವುದು ತಪ್ಪಲ್ಲ. ಆಸ್ತಿಯ ಮೇಲಿನ ಗಳಿಕೆ ಹಿಂದೆ ನಡೆದದ್ದನ್ನು ಹೇಳುತ್ತದೆ, ಟೋಬಿನ್ಸ್ ಕ್ಯೂನಲ್ಲಿ ಮಾರುಕಟ್ಟೆಯ ಮುಂದಿನ ನಿರೀಕ್ಷೆ ಇರುತ್ತದೆ. ಎರಡನ್ನೂ ಕೊಡಿ, ಎರಡೂ ಏನು ಹೇಳುತ್ತವೆಂದು ಬರೆಯಿರಿ. ಆದರೆ ಆ 22 ನಷ್ಟದ ಕಂಪನಿಗಳನ್ನು ತೆಗೆಯುವುದು ಬೇರೆಯೇ ಸಂಗತಿ. ನೀವು ವಿವರಿಸಲು ಹೊರಟದ್ದು ಲಾಭನಷ್ಟವನ್ನು. ನಷ್ಟವಾಯಿತು ಎಂಬ ಕಾರಣಕ್ಕೇ ಕಂಪನಿಯನ್ನು ಹೊರಗಿಟ್ಟರೆ ಉತ್ತರ ನೋಡಿ ಪ್ರಶ್ನೆ ತಿದ್ದಿದಂತೆ. ಮೇಲಾಗಿ, ನಷ್ಟ ಕಂಡು ಸ್ವತಂತ್ರ ನಿರ್ದೇಶಕರನ್ನು ಕರೆತಂದ ಕಂಪನಿಗಳು ಬಹುಪಾಲು ಆ 22ರಲ್ಲೇ ಇರುತ್ತವೆ. ಅವನ್ನು ತೆಗೆದ ಕೂಡಲೇ ಮೈನಸ್ ಹೋಗಿ ಪ್ಲಸ್ ಬರುವುದು ಸಹಜ. ಅಲ್ಲಿ ನೀವು ಕಂಡದ್ದು ನಿರ್ದೇಶಕರ ಪ್ರಭಾವವಲ್ಲ, ಕತ್ತರಿಯ ಪ್ರಭಾವ.

ಆ 0.04ಕ್ಕೆ ಎಷ್ಟು ತೂಕ ಕೊಡಬೇಕು ಎನ್ನುವುದಕ್ಕೂ ಲೆಕ್ಕ ಇದೆ. ಯಾವ ಸಂಬಂಧವೂ ಇಲ್ಲದ ಡೇಟಾದಲ್ಲಿ 0.05ರ ಗೆರೆ ಇಟ್ಟು 11 ಸಲ ಬೇರೆ ಬೇರೆಯಾಗಿ ಪರೀಕ್ಷಿಸಿದರೆ, ಒಂದಾದರೂ ಗೆರೆ ದಾಟುವ ಸಂಭವ ಸುಮಾರು 43 ಶೇಕಡಾ. ನಿಮ್ಮ 11 ಪರೀಕ್ಷೆಗಳು ಒಂದೇ ಡೇಟಾದ ಮೇಲೆ ನಡೆದವು, ಹಾಗಾಗಿ ನಿಖರ ಅಂಕಿ ಇದಕ್ಕಿಂತ ಕಡಿಮೆ ಇರಬಹುದು. ಆದರೂ ಅದು ನೀವು ಬರೆಯುವ 5 ಶೇಕಡಾ ಅಲ್ಲವೇ ಅಲ್ಲ. ಸಿಮನ್ಸ್, ನೆಲ್ಸನ್ ಮತ್ತು ಸೈಮನ್‌ಸನ್ 2011ರಲ್ಲಿ ಇದನ್ನೇ ಮನದಟ್ಟಾಗುವಂತೆ ತೋರಿಸಿದರು. ನಮ್ಮ ಮ್ಯಾನೇಜ್‌ಮೆಂಟ್ ಕ್ಷೇತ್ರದಲ್ಲೇ ಓಬಾಯ್ಲ್ ಮತ್ತು ಸಂಗಡಿಗರು ಪಿಎಚ್‌.ಡಿ. ಪ್ರಬಂಧಗಳನ್ನೂ ಅವುಗಳಿಂದ ಹುಟ್ಟಿದ ಪತ್ರಿಕಾ ಲೇಖನಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಪ್ರಬಂಧದಲ್ಲಿ ಸೋತ ಪ್ರತಿ ಒಂದು ಹೈಪಾಥಿಸಿಸ್‌ಗೆ ಗೆದ್ದವು 0.82, ಅದೇ ಕೆಲಸ ಪತ್ರಿಕೆಗೆ ಬರುವ ಹೊತ್ತಿಗೆ 1.94. ನಡುವೆ ಡೇಟಾ ಬಿಟ್ಟುಹೋಗಿತ್ತು, ಹೈಪಾಥಿಸಿಸ್‌ಗಳು ಸೇರಿಹೋಗಿದ್ದವು, ಕಣ್ಮರೆಯಾಗಿದ್ದವು. ಸೋಲೆಲ್ಲ ದಾರಿಯಲ್ಲಿ ಉದುರಿದ ಮೇಲೆ ಓದುಗರ ಕೈಗೆ ಬರುವುದು ಗೆಲುವು ಮಾತ್ರ.

ಇದನ್ನು ಮೇಲೆ ನಿಂತು ಹೇಳುತ್ತಿಲ್ಲ. ನನ್ನ ಸ್ವಂತ ಥೀಸಿಸ್‌ನಲ್ಲಿ ಒಂಬತ್ತು ಕಂಪನಿಗಳನ್ನು 'ಅಸಹಜ' ಎಂದು ಕರೆದು ಕೈಬಿಟ್ಟಿದ್ದೆ. ಅಡಿಟಿಪ್ಪಣಿಯಲ್ಲಿ ಒಂದೇ ಸಾಲು. ಯಾರೂ ಕೇಳಲಿಲ್ಲ, ಪದವಿ ಬಂತು. ಎಷ್ಟೋ ವರ್ಷದ ಮೇಲೆ ವಿದ್ಯಾರ್ಥಿನಿಯೊಬ್ಬಳು ಅದೇ ಫೈಲ್ ಕೇಳಿದಳು, ಕೊಟ್ಟೆ. ಮೂರನೇ ದಿನ ಬಂದು, 'ಸರ್, ಆ ಒಂಬತ್ತನ್ನು ಸೇರಿಸಿದರೆ ಫಲಿತಾಂಶ ನಿಲ್ಲುತ್ತಿಲ್ಲ' ಎಂದಳು. ಆ ಹೊತ್ತಿಗೆ ಅದನ್ನು ನೆಚ್ಚಿಕೊಂಡು ಇತರರು ಬರೆದಾಗಿತ್ತು. ಆ ಮಾತು ಇಂದಿಗೂ ಚುಚ್ಚುತ್ತದೆ. ನಿಮ್ಮ ಮನಸ್ಸು ಒಪ್ಪುತ್ತಿಲ್ಲ ಎಂದು ಬರೆದಿದ್ದೀರಲ್ಲ, ಆಗ ನನ್ನ ಮನಸ್ಸೂ ಹಾಗೆ ಅಡ್ಡ ಬಂದಿದ್ದರೆ ಎಂದು ಅನ್ನಿಸಿತು.

ಸೊನ್ನೆ ಬಂದ ಥೀಸಿಸ್ ಪಾಸಾಗುವುದಿಲ್ಲ, ಪ್ರಕಟವಾಗುವುದಿಲ್ಲ ಎನ್ನುವುದು ಅರ್ಧ ಮಾತ್ರ ನಿಜ. ಪ್ರಕಟಣೆ ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಗಾಳಿ ಬದಲಾಗಿದೆ. ಕಾರ್ಯತಂತ್ರ ನಿರ್ವಹಣೆಯ ಪ್ರಮುಖ ಪತ್ರಿಕೆಯಾದ ಸ್ಟ್ರಾಟೆಜಿಕ್ ಮ್ಯಾನೇಜ್‌ಮೆಂಟ್ ಜರ್ನಲ್, ಸೊನ್ನೆ ಫಲಿತಾಂಶಗಳನ್ನೂ ಹಳೆಯ ಅಧ್ಯಯನಗಳ ಮರುಪರೀಕ್ಷೆಯನ್ನೂ ಸ್ವಾಗತಿಸುತ್ತೇವೆ, ಪಿ-ಮೌಲ್ಯದ ಗೆರೆ ತೋರಿಸಿ ವಾದಿಸುವ ಲೇಖನ ತೆಗೆದುಕೊಳ್ಳುವುದಿಲ್ಲ ಎಂದು 2016ರಲ್ಲೇ ಸಂಪಾದಕೀಯದಲ್ಲಿ ಘೋಷಿಸಿತು.

ಇಲ್ಲಿ ಒಂದು ಎಚ್ಚರಿಕೆ. ಸೊನ್ನೆ ಬಂದ ಮಾತ್ರಕ್ಕೆ 'ಪ್ರಭಾವ ಇಲ್ಲ' ಎಂದು ಬರೆಯುವಂತಿಲ್ಲ. ನಿಮ್ಮಲ್ಲಿ 1,860 ಸಾಲುಗಳಿವೆ, ಆದರೆ ಮಂಡಳಿಯ ರಚನೆ ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗುವುದಿಲ್ಲ. ಒಂದೇ ಕಂಪನಿಯ ಹತ್ತು ಸಾಲುಗಳು ಹೆಚ್ಚುಕಡಿಮೆ ಒಂದೇ ಮಾತನ್ನು ಹತ್ತು ಸಲ ಹೇಳುತ್ತವೆ. ಸ್ಟ್ಯಾಂಡರ್ಡ್ ಎರರ್ (ಅಂದಾಜು ಎಷ್ಟು ಅಲುಗಾಡಬಹುದು ಎಂಬ ಅಳತೆ) ಅನ್ನು ಕಂಪನಿವಾರು ಗುಂಪು ಮಾಡಿ ಲೆಕ್ಕ ಹಾಕಿದ್ದೀರಾ ನೋಡಿ. ಆಮೇಲೆ ವಿಶ್ವಾಸಾಂತರವನ್ನು, ಎಂದರೆ ನಿಜವಾದ ಪ್ರಭಾವ ಇರಬಹುದಾದ ವ್ಯಾಪ್ತಿಯನ್ನು, ಬರೆದು ನೋಡಿ. ಅದು ಸೊನ್ನೆಯ ಸುತ್ತ ಕಿರಿದಾಗಿದ್ದರೆ, ದೊಡ್ಡ ಪ್ರಭಾವ ಇದ್ದಿದ್ದರೆ ಕಾಣುತ್ತಿತ್ತು ಎನ್ನಬಹುದು. ಅದು ಒಂದು ಶೋಧ. ಅಗಲವಾಗಿದ್ದರೆ, ಈ ಡೇಟಾದಿಂದ ಹೇಳಲಾಗದು ಎನ್ನಬೇಕು. ಎರಡೂ ಪ್ರಾಮಾಣಿಕ ವಾಕ್ಯಗಳೇ, ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ಈಗ ನಕ್ಷತ್ರಗಳ ಅಧ್ಯಾಯ. ಬ್ಯಾರಿ ಸ್ಟಾ 1975ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳ ಸಣ್ಣ ಗುಂಪುಗಳಿಗೆ ಒಂದು ಕಂಪನಿಯ ಹಣಕಾಸಿನ ವಿವರ ಕೊಟ್ಟು ಮುಂದಿನ ಮಾರಾಟ ಮತ್ತು ಷೇರಿಗೆ ಬರುವ ಗಳಿಕೆಯನ್ನು ಅಂದಾಜು ಮಾಡಿಸಿದರು. ಆಮೇಲೆ ಕೆಲವು ಗುಂಪುಗಳಿಗೆ ಚೆನ್ನಾಗಿ ಮಾಡಿದಿರಿ ಎಂದೂ ಉಳಿದವಕ್ಕೆ ಚೆನ್ನಾಗಿ ಆಗಲಿಲ್ಲ ಎಂದೂ ಹೇಳಿದರು. ಯಾರಿಗೆ ಏನು ಹೇಳುವುದು ಎನ್ನುವುದಕ್ಕೂ ಅವರು ನಿಜವಾಗಿ ಮಾಡಿದ ಕೆಲಸಕ್ಕೂ ಸಂಬಂಧವೇ ಇರಲಿಲ್ಲ. ನಿಮ್ಮ ಗುಂಪು ಹೇಗೆ ಕೆಲಸ ಮಾಡಿತು ಎಂದು ಕೇಳಿದಾಗ, ಹೊಗಳಿಸಿಕೊಂಡವರು ನಮ್ಮಲ್ಲಿ ಒಗ್ಗಟ್ಟಿತ್ತು, ಮಾತುಕತೆ ಚೆನ್ನಾಗಿತ್ತು, ಉತ್ಸಾಹವಿತ್ತು ಎಂದರು. ಉಳಿದವರು ಅಷ್ಟು ಹೇಳಲಿಲ್ಲ. ಫಲಿತಾಂಶ ತಿಳಿದ ಮೇಲೆ ಮನಸ್ಸು ಕಾರಣಗಳನ್ನು ಹೊಂದಿಸಿಕೊಂಡಿತು. ಹತ್ತು ವರ್ಷದ ಮೇಲೆ ಮೈಂಡಲ್ ಮತ್ತು ಸಂಗಡಿಗರು ನಾಯಕತ್ವದ ವಿಷಯದಲ್ಲೂ ನಮಗೆ ಇಂಥದೇ ಮೋಹವಿದೆ ಎಂದು ತೋರಿಸಿದರು. ಕಂಪನಿ ತೀರ ಏರಲಿ, ತೀರ ಇಳಿಯಲಿ, ನಾವು ಕಾರಣವನ್ನು ನಾಯಕನ ತಲೆಗೆ ಕಟ್ಟುತ್ತೇವೆ.

ನಿಮ್ಮ 412 ನೌಕರರು ಒಂದೇ ಕೂತಲ್ಲಿ, ಒಂದೇ ಹಾಳೆಯಲ್ಲಿ, ಮೇಲಧಿಕಾರಿಗೂ ಅಂಕ ಕೊಟ್ಟಿದ್ದಾರೆ, ತಮ್ಮ ತಂಡದ ಸಾಧನೆಗೂ ಅಂಕ ಕೊಟ್ಟಿದ್ದಾರೆ. ಆ ವಾರ ಬಡ್ತಿ ಸಿಕ್ಕವರು ಎರಡಕ್ಕೂ 5 ಹಾಕಿರುತ್ತಾರೆ, ರಜೆ ಸಿಗದವರು ಎರಡಕ್ಕೂ 2. ನಕ್ಷತ್ರಗಳು ಬಂದದ್ದು ನಾಯಕತ್ವದಿಂದಲೋ, ಆ ದಿನದ ಮನಸ್ಥಿತಿಯಿಂದಲೋ ಎಂದು ನಿಮ್ಮ ಡೇಟಾ ಬೇರ್ಪಡಿಸಲಾರದು. ಎರಡೂ ಉತ್ತರ ಒಬ್ಬರಿಂದಲೇ ಬಂದಾಗ ಆಗುವ ಈ ದೋಷವನ್ನು ಹುಡುಕಲು ಬಳಸುವ ಹಾರ್ಮನ್ ಪರೀಕ್ಷೆ ಮಾಡಿ, ಒಂದೇ ಮೂಲದ ದೋಷ ಇಲ್ಲ ಎಂದು ಬರೆದಿರುತ್ತೀರಿ. ಬಹುತೇಕ ಎಲ್ಲರೂ ಬರೆಯುತ್ತಾರೆ. ಆ ಪರೀಕ್ಷೆ ದೋಷವನ್ನು ಹಿಡಿಯಲು ತುಂಬ ದುರ್ಬಲ, ನಿವಾರಿಸುವುದಂತೂ ಇಲ್ಲವೇ ಇಲ್ಲ ಎಂದು ಪೊಡ್ಸಾಕಾಫ್ ಮತ್ತು ಸಂಗಡಿಗರು 2003ರಲ್ಲೇ ಬರೆದಿದ್ದಾರೆ. ಇನ್ನೂ ಆಳದ ತೊಂದರೆಯೊಂದನ್ನು ವ್ಯಾನ್ ಕ್ನಿಪ್ಪನ್‌ಬರ್ಗ್ ಮತ್ತು ಸಿಟ್ಕಿನ್ 2013ರಲ್ಲಿ ಎತ್ತಿದರು. ಪರಿವರ್ತನಶೀಲ ನಾಯಕತ್ವದ (ನೌಕರರನ್ನು ಹುರಿದುಂಬಿಸಿ ಬದಲಿಸುವ ಶೈಲಿಯ) ವ್ಯಾಖ್ಯೆಯಲ್ಲೇ ಅದರ ಪರಿಣಾಮ ಸೇರಿಹೋಗಿದೆ ಎಂಬುದು ಅವರ ಆಕ್ಷೇಪ. 'ನನ್ನ ಮೇಲಧಿಕಾರಿ ನನ್ನನ್ನು ಹೆಚ್ಚು ಸಾಧಿಸುವಂತೆ ಹುರಿದುಂಬಿಸುತ್ತಾರೆ' ಎನ್ನುವ ಹೇಳಿಕೆಗೆ ಹೌದು ಎಂದವರು 'ನಮ್ಮ ತಂಡ ಹೆಚ್ಚು ಸಾಧಿಸಿದೆ' ಎನ್ನುವುದಕ್ಕೂ ಹೌದು ಎನ್ನುತ್ತಾರೆ. ಒಂದೇ ಮಾತನ್ನು ಎರಡು ಸಲ ಕೇಳಿದ್ದೇವೆ.

ಹಾಗೆಂದು ನಾಯಕರಿಂದ ಏನೂ ಆಗುವುದಿಲ್ಲ ಎನ್ನುತ್ತಿಲ್ಲ. ಸಾಬೀತು ಮಾಡುವ ದಾರಿ ಬೇರೆ ಎನ್ನುತ್ತಿದ್ದೇನೆ. ಬೆನ್ನೆಡ್ಸನ್ ಮತ್ತು ಸಂಗಡಿಗರು 2007ರಲ್ಲಿ ಡೆನ್ಮಾರ್ಕಿನ ಕುಟುಂಬ ಕಂಪನಿಗಳಲ್ಲಿ ಅಧಿಕಾರ ಮನೆಯವರಿಗೆ ಹೋದರೆ ಏನಾಗುತ್ತದೆ ಎಂದು ನೋಡಿದರು. ಚೆನ್ನಾಗಿ ನಡೆಯುವ ಕಂಪನಿಯನ್ನೇ ಮನೆಯವರು ಇಟ್ಟುಕೊಳ್ಳಬಹುದಲ್ಲ ಎಂಬ ಗೋಜಲನ್ನು ಬಿಡಿಸಲು ಅವರು ಹಿಡಿದದ್ದು ಮೊದಲ ಮಗು ಗಂಡೋ ಹೆಣ್ಣೋ ಎನ್ನುವುದನ್ನು. ಗಂಡಾಗಿದ್ದಲ್ಲಿ ಮನೆಯವರಿಗೇ ಅಧಿಕಾರ ಹೋಗುವುದು ಹೆಚ್ಚಿತ್ತು, ಮಗುವಿನ ಲಿಂಗಕ್ಕೂ ಕಂಪನಿಯ ಲಾಭಕ್ಕೂ ನೇರ ಸಂಬಂಧವಿಲ್ಲ. ಮನೆಯವರ ಕೈಗೆ ಹೋದಾಗ ಆಸ್ತಿಯ ಮೇಲಿನ ಗಳಿಕೆ ಕನಿಷ್ಠ 4 ಶೇಕಡಾಂಶ ಕುಸಿದಿತ್ತು. ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎನ್ನುವುದು ಮುಖ್ಯವೇ. ಅದು ಗೊತ್ತಾಗಲು ಇಷ್ಟು ದೂರ ಹೋಗಬೇಕಾಯಿತು.

ಮುಂದೇನು ಮಾಡಬಹುದು? ನಿಮ್ಮ ಅವಧಿ ಮುಗಿಯುತ್ತಾ ಬಂದಿದ್ದರೆ, ಮೊದಲ ಭಾಗವನ್ನು ಇದ್ದಂತೆಯೇ ಬರೆಯಿರಿ. ಹನ್ನೊಂದೂ ಬಗೆಗಳನ್ನು ಒಂದೇ ಕೋಷ್ಟಕದಲ್ಲಿ ಕೊಡಿ, 0.04 ಬಂದದ್ದು ಸೇರಿಸಿ, ಅದು ಏಕೆ ಬಂತು ಎಂಬ ವಿವರಣೆ ಸಹಿತ. ಇದರ ಅಪಾಯ ಒಂದೇ: ಹಳೆಯ ಕಾಲದ ಪರೀಕ್ಷಕರು ಸಿಕ್ಕರೆ ಹಾಗಾದರೆ ನಿಮ್ಮ ಕೊಡುಗೆ ಏನು ಎಂದು ಕೇಳುತ್ತಾರೆ. ಮೇಲೆ ಹೇಳಿದ ಹಿನ್ನೆಲೆ ನಿಮ್ಮ ಸಾಹಿತ್ಯ ಸಮೀಕ್ಷೆಯಲ್ಲಿ ಗಟ್ಟಿಯಾಗಿ ಇದ್ದರೆ ಆ ಪ್ರಶ್ನೆಗೆ ಹೆದರಬೇಕಿಲ್ಲ.

ಒಂದು ವರ್ಷ ಕೈಯಲ್ಲಿದ್ದರೆ ನಾನು ಹಿಡಿಯುವ ದಾರಿ, ಅಳೆಯುವ ಫಲಿತಾಂಶವನ್ನೇ ಬದಲಿಸುವುದು. ಲಾಭ ಬಿಡಿ. ಕೆಟ್ಟ ವರ್ಷದ ನಂತರ ಸಿಇಒ ಬದಲಾದರೇ, ಹಿಂದಿನ ಲೆಕ್ಕಪತ್ರವನ್ನು ತಿದ್ದಿ ಮರುಪ್ರಕಟಿಸಬೇಕಾಯಿತೇ, ಲೆಕ್ಕಪರಿಶೋಧಕರು ಷರತ್ತಿನ ಅಭಿಪ್ರಾಯ ಕೊಟ್ಟರೇ, ಪ್ರವರ್ತಕರ ಸ್ವಂತ ಸಂಸ್ಥೆಗಳ ಜೊತೆಗಿನ ವ್ಯವಹಾರ ಹೆಚ್ಚಿತೇ? ಇವೆಲ್ಲ ನೀವು ಈಗಾಗಲೇ ಕೂಡಿಸಿರುವ ವಾರ್ಷಿಕ ವರದಿಗಳಲ್ಲೇ ಇವೆ, ಅವನ್ನು ಓದುವ ಕಣ್ಣು ನಿಮ್ಮ ವೃತ್ತಿಯಿಂದಲೇ ನಿಮಗೆ ಬಂದಿದೆ. ತೊಂದರೆ ಏನೆಂದರೆ ಇಂಥ ಘಟನೆಗಳು ವಿರಳ. 186 ಕಂಪನಿಗಳಲ್ಲಿ ಬೆರಳೆಣಿಕೆಯಷ್ಟೇ ಸಿಕ್ಕರೆ ಬೀಸ್ಲಿಯವರಂತೆ ಜೋಡಿ ಮಾಡಿ ಹೋಲಿಸಬೇಕು, ಹೊರಗಿನಿಂದ ಇನ್ನಷ್ಟು ಪ್ರಕರಣ ಸೇರಿಸಬೇಕು.

ನಿಮ್ಮ ಹತ್ತು ವರ್ಷದ ನಡುವೆ ನಿಯಮ ಬದಲಾಗಿದ್ದರೆ ಇನ್ನೊಂದು ಬಾಗಿಲು ತೆರೆಯುತ್ತದೆ. ದಕ್ಷಿಣ ಕೊರಿಯಾದಲ್ಲಿ 2 ಲಕ್ಷ ಕೋಟಿ ವೊನ್‌ಗಿಂತ ಹೆಚ್ಚು ಆಸ್ತಿಯಿದ್ದ ಕಂಪನಿಗಳು ಮಂಡಳಿಯ ಅರ್ಧದಷ್ಟು ಹೊರಗಿನವರನ್ನು ಇಟ್ಟುಕೊಳ್ಳಬೇಕೆಂಬ ನಿಯಮ ಬಂದಾಗ, ಆ ಗೆರೆಯನ್ನೇ ಬಳಸಿ ಬ್ಲಾಕ್ ಮತ್ತು ಸಂಗಡಿಗರು ಅಧ್ಯಯನ ಮಾಡಿದರು. ಆದರೆ ಕಾಯ್ದೆ ಸಿಕ್ಕಿತೆಂದರೆ ಸತ್ಯ ಸಿಕ್ಕಿತು ಎಂದುಕೊಳ್ಳಬೇಡಿ. ಮಂಡಳಿಯಲ್ಲಿ 40 ಶೇಕಡಾ ಮಹಿಳೆಯರು ಇರಬೇಕೆಂದು ನಾರ್ವೆ 2003ರಲ್ಲಿ ಕಾಯ್ದೆ ತಂದಿತು. ಅದರಿಂದ ಕಂಪನಿಗಳ ಮೌಲ್ಯ ಇಳಿಯಿತು ಎಂದು ಅಹರ್ನ್ ಮತ್ತು ಡಿಟ್ಮಾರ್ 2012ರಲ್ಲಿ ಬರೆದರು. ಎಕ್ಬೋ ಮತ್ತು ಸಂಗಡಿಗರು ಅದೇ ಕಾಯ್ದೆಯನ್ನು ಮರುಪರಿಶೀಲಿಸಿ, ಅಂಥ ಇಳಿಕೆ ಕಾಣುವುದಿಲ್ಲ ಎಂದರು. ಹಿಂದಿನ ವರ್ಷಗಳ ಅಂಕಿ ಬಳಸಿ ಕಾರಣವನ್ನೂ ಪರಿಣಾಮವನ್ನೂ ಬೇರ್ಪಡಿಸಲು ನೋಡುವ ಡೈನಾಮಿಕ್ ಜಿಎಂಎಂ ಎಂಬ ತಂತ್ರವನ್ನು ಯಾರಾದರೂ ಖಂಡಿತ ಸೂಚಿಸುತ್ತಾರೆ. ಅದನ್ನು ಎಚ್ಚರದಿಂದ ಬಳಸಿದ ವಿಂಟೋಕಿ ಮತ್ತು ಸಂಗಡಿಗರಿಗೂ 2012ರಲ್ಲಿ ಮಂಡಳಿ ರಚನೆಗೂ ಸಾಧನೆಗೂ ಕಾರ್ಯಕಾರಣ ಸಂಬಂಧ ಸಿಗಲಿಲ್ಲ. ಸೆಟ್ಟಿಂಗ್ ಬದಲಿಸಿದಂತೆಲ್ಲ ಅದರಲ್ಲಿ ಉತ್ತರ ಬದಲಾಗುತ್ತದೆ. ಒಳಗಿನ ಲೆಕ್ಕ ಅರ್ಥವಾಗದಿದ್ದರೆ ಮುಟ್ಟಬೇಡಿ.

ಮಂಡಳಿಯ ಒಳಗೆ ಇಳಿದು ನಿರ್ದೇಶಕರನ್ನೇ ಮಾತಾಡಿಸುವ ಆಸೆ ನಿಮಗೆ ಬಂದರೆ ಒಳ್ಳೆಯದೇ. ನಮ್ಮ ಕ್ಷೇತ್ರದಲ್ಲಿ ಅಂಥ ಕೆಲಸ ಕಡಿಮೆ. ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ನಿಮ್ಮ ಸ್ವಂತ ಕಂಪನಿಯ ನಡಾವಳಿಯನ್ನು, ಹೆಸರು ಅಳಿಸಿಯೂ ಸಹ, ಬಳಸಬೇಡಿ. ಅದು ನಿಮ್ಮ ಕೈಗೆ ಬಂದದ್ದು ನೌಕರಿಯ ನಂಬಿಕೆಯ ಮೇಲೆ, ಸಂಶೋಧನೆಗಾಗಿ ಅಲ್ಲ.

ಎರಡನೇ ಭಾಗವನ್ನು ಉಳಿಸಿಕೊಳ್ಳಲು ತಂಡದ ಸಾಧನೆಯ ಅಂಕಿ ಬೇರೆ ಮೂಲದಿಂದ ಬರಬೇಕು: ದಾಖಲೆಯಿಂದ, ಅಥವಾ ತಂಡದ ಹೊರಗಿನವರಿಂದ, ಸಾಧ್ಯವಾದರೆ ಕೆಲವು ತಿಂಗಳು ಬಿಟ್ಟು. 412ರಲ್ಲಿ ಕಾಲು ಭಾಗಕ್ಕೆ ಸಿಕ್ಕರೂ ಸಾಕು, ಅಷ್ಟನ್ನೇ ಪ್ರತ್ಯೇಕವಾಗಿ ತೋರಿಸಿ. ಅದೂ ಆಗದಿದ್ದರೆ ಶೀರ್ಷಿಕೆ ಬದಲಿಸಿ, ಇದು ನೌಕರರ ಗ್ರಹಿಕೆಗಳ ಅಧ್ಯಯನ, ಸಾಧನೆಯದ್ದಲ್ಲ ಎಂದು ಬರೆಯಿರಿ. ಸರಿಯಾದ ಡೇಟಾ ಬಂದಾಗ ನಕ್ಷತ್ರಗಳು ಉದುರುವ ಸಾಧ್ಯತೆ ಹೆಚ್ಚು. ಅದಕ್ಕೆ ಈಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಗೈಡ್ ಜೊತೆ ವಾದಕ್ಕೆ ಇಳಿಯಬೇಡಿ. ಹನ್ನೊಂದು ಫಲಿತಾಂಶಗಳೂ ಇರುವ ಒಂದು ಪುಟ ಅವರ ಮುಂದಿಟ್ಟು, 'ಸರ್, ಪರೀಕ್ಷಕರು ಫೈಲ್ ಕೇಳಿದರೆ ಇದರಲ್ಲಿ ಯಾವುದನ್ನು ನಾವು ಸಮರ್ಥಿಸಿಕೊಳ್ಳಬಹುದು?' ಎಂದು ಕೇಳಿ. ನಾನು ಕಂಡಂತೆ, ಹಾಗೆ ಕೇಳಿದಾಗ ಹೆಚ್ಚಿನ ಗೈಡ್‌ಗಳು ವಿದ್ಯಾರ್ಥಿಯ ಕಡೆಗೇ ಬರುತ್ತಾರೆ.

ಅವರನ್ನು ಕಾಣುವ ಮೊದಲು ಒಂದು ಸಣ್ಣ ಕೆಲಸ ಮಾಡಿಕೊಳ್ಳಿ. ಆ 22 ಕಂಪನಿಗಳನ್ನು ವಾಪಸ್ ಸೇರಿಸಿ. ಒಟ್ಟು 186ರಲ್ಲಿ ಸ್ವತಂತ್ರ ನಿರ್ದೇಶಕರ ಪಾಲು ಒಂದೇ ವರ್ಷದಲ್ಲಿ 10 ಶೇಕಡಾಂಶಕ್ಕಿಂತ ಹೆಚ್ಚು ಏರಿದ ಕಂಪನಿಗಳನ್ನು ಗುರುತಿಸಿ, ಪ್ರತಿಯೊಂದರ ಎದುರು ಅದಕ್ಕಿಂತ ಹಿಂದಿನ ಎರಡು ವರ್ಷಗಳ ಲಾಭವನ್ನು ಕೈಯಿಂದಲೇ ಬರೆಯಿರಿ. ಒಂದು ಸಂಜೆಯ ಕೆಲಸ. ನಿಮ್ಮ ಮೈನಸ್ ಎಲ್ಲಿಂದ ಬಂತು ಎನ್ನುವುದು ಬಹುಶಃ ಆ ಹಾಳೆಯಲ್ಲೇ ಕಾಣಿಸುತ್ತದೆ.